ಹೊಳೆ ಬಂದರೆ ಅಡ್ವಾನ್ಸ್ ಯಾರದು?

ಜುಲೈ ಕಾಲಿಟ್ಟು ಪಶ್ಚಿಮ ಘಟ್ಟದಲ್ಲಿ ಮಳೆ ಜೋರಾಯಿತೆಂದರೆ ಬೆಳಗಾವಿ ಸೀಮೆಯ ಪತ್ರಿಕೆಗಳಲ್ಲಿ ಒಂದು ಪಟ್ಟಿ ತಪ್ಪದೆ ಬರುತ್ತದೆ. ಕಲ್ಲೋಳ–ಯಡೂರ, ಕಾರದಗಾ–ಭೋಜ, ಭೋಜವಾಡಿ–ಕುನ್ನೂರ, ಮಲಿಕವಾಡ–ದತ್ತವಾಡ. ಮುಳುಗಿದ ಸೇತುವೆಗಳ ಪಟ್ಟಿ ಅದು. ಕೊನೆಯದು ದೂಧಗಂಗಾ ನದಿಯ ಮೇಲಿನದು. ಈಚೆ ದಡದ ಮಲಿಕವಾಡ ಕರ್ನಾಟಕದ್ದು. ಆಚೆ ದಡದ ದತ್ತವಾಡ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆ, ಶಿರೋಳ ತಾಲ್ಲೂಕಿನದು. ಕನ್ನಡ, ಮರಾಠಿ ಎರಡೂ ನಡೆಯುವ ಕಬ್ಬಿನ ಸೀಮೆ. ಸೇತುವೆ ಮುಳುಗಿತೆಂದರೆ ವ್ಯಾಪಾರಕ್ಕಾಗಲಿ, ನೆಂಟರ ಮನೆಗಾಗಲಿ ಸುತ್ತುದಾರಿಯೇ ಗತಿ.

ಕಬ್ಬಿನ ಹೊಲಕ್ಕೆ ಕಾಲಿಡಲಾಗದ ಈ ದಿನಗಳಲ್ಲೇ ಸ್ವಾತಂತ್ರ್ಯ ದಿನದ ರಜೆಯೂ ಬರುತ್ತದೆ. ಈಗ ಹಳ್ಳಿಯ ಮನೆಗಳೂ ಪ್ರವಾಸ ಹೊರಡುತ್ತವೆ. ದತ್ತವಾಡದ ಒಂದು ಕುಟುಂಬ ಕೊಡಗಿನ ಹೋಂಸ್ಟೇ ಒಂದರಲ್ಲಿ ಎರಡು ರಾತ್ರಿಗೆ ಮೂರು ರೂಮು ಹಿಡಿದಿದೆ ಎಂದಿಟ್ಟುಕೊಳ್ಳಿ. ರೂಮಿಗೆ ರಾತ್ರಿಯೊಂದಕ್ಕೆ 4,000 ರೂಪಾಯಿಯಂತೆ ಒಟ್ಟು 24,000. ಅದರಲ್ಲಿ ಅರ್ಧ, ಅಂದರೆ 12,000 ರೂಪಾಯಿ, ಮೊಬೈಲ್‌ನಲ್ಲೇ ಅಡ್ವಾನ್ಸ್ ಹೋಗಿದೆ. ಹೊರಡಲು ನಾಲ್ಕು ದಿನ ಇರುವಾಗ ಹೊಳೆ ಏರುತ್ತದೆ. ಆಮೇಲಿನ ಫೋನ್ ಮಾತು ಹೀಗಿರುತ್ತದೆ:

‘ಸರ್, ಹೊಳಿ ಬಂದೈತ್ರಿ. ಸೇತುವಿ ಮುಳಗೇತಿ. ಮನ್ಯಾಗ ವಯಸ್ಸಾದವರು ಅದಾರ್ರಿ, ಬಿಟ್ಟು ಬರಾಕ ಆಗಂಗಿಲ್ಲ. ಅಡ್ವಾನ್ಸ್ ವಾಪಸ್ ಹಾಕ್ರಿ.’

‘ಇಲ್ಲಿ ಅಂಥ ಮಳೆ ಏನೂ ಇಲ್ಲ ಸರ್. ರೂಮು ರೆಡಿ ಇದೆ. ನಿಮಗೋಸ್ಕರ ಬೇರೆಯವರಿಗೆ ಇಲ್ಲ ಅಂದಿದ್ದೀವಿ. ಅಡ್ವಾನ್ಸ್ ರೀಫಂಡ್ ಆಗಲ್ಲ.’

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅತಿಥಿ ಬರಲಾರದ್ದು ನಿಜ, ಆತಿಥೇಯನಿಗೆ ನಷ್ಟವಾಗುವುದೂ ನಿಜ. ಆದರೂ ಎರಡು ದಿನದಲ್ಲಿ ಮಾತು ಬಿರುಸಾಗುತ್ತದೆ. ಅತ್ತ ‘ಒಂದು ಸ್ಟಾರ್ ಕೊಡ್ತೀವಿ’ ಎಂಬ ಬೆದರಿಕೆ, ಇತ್ತ ನಂಬರ್ ಬ್ಲಾಕ್. ಬೆಟ್ಟ, ಕಡಲು, ದೇವಸ್ಥಾನ ಇರುವಲ್ಲೆಲ್ಲ ಈ ಜಗಳ ಈಗ ನಿತ್ಯದ ಮಾತಾಗಿದೆ. ಇದನ್ನು ಗಟ್ಟಿ ದನಿಯಿಂದ ಬಗೆಹರಿಸಲಾಗದು. ನ್ಯಾಯವಾಗಿ ಬಗೆಹರಿಸಲು ಬೇಕಾದ ಅಳತೆಗೋಲು ನಮ್ಮ ಕಾನೂನಿನಲ್ಲಿ 1872ರಿಂದಲೂ ಇದೆ.

ಬರಲಾಗದ್ದು, ಬರಬಾರದೆಂದದ್ದು

ಮೊದಲು ಕೇಳಬೇಕಾದ ಪ್ರಶ್ನೆ: ಬುಕಿಂಗ್ ಮುರಿದದ್ದು ಯಾವುದರಿಂದ?

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಕುಸಿದವು. ಮಕ್ಕಂದೂರು, ಜೋಡುಪಾಲದ ಕಡೆ ಮನೆ, ತೋಟ, ರಸ್ತೆಗಳೇ ಕೊಚ್ಚಿಹೋದವು. ಪ್ರವಾಸಿಗರನ್ನು ಇರಿಸಿಕೊಳ್ಳಬೇಡಿ ಎಂದು ಜಿಲ್ಲಾಡಳಿತ ಹೋಂಸ್ಟೇ, ರೆಸಾರ್ಟ್‌ಗಳಿಗೆ ಸೂಚಿಸಿತು. 2020ರ ಮಾರ್ಚ್ 25ರಿಂದ ಇಡೀ ದೇಶಕ್ಕೇ ಬೀಗ ಬಿತ್ತು. ಇಂಥ ಹೊತ್ತಿನಲ್ಲಿ ರೂಮು ಕೊಡುವುದೇ ಸಾಧ್ಯವಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 56ನೇ ಕಲಮಿನ ಪ್ರಕಾರ, ನೆರವೇರಿಸಲು ಅಸಾಧ್ಯವಾದ ಕರಾರು ಅಲ್ಲಿಗೇ ಅನೂರ್ಜಿತ. 65ನೇ ಕಲಮಿನ ಪ್ರಕಾರ, ಅಂಥ ಕರಾರಿನಿಂದ ಪಡೆದದ್ದನ್ನು ಪಡೆದವರು ಹಿಂತಿರುಗಿಸಬೇಕು. ‘ನೋ ರೀಫಂಡ್’ ಎಂಬ ಬೋರ್ಡು ಇಲ್ಲಿ ನಿಲ್ಲುವುದು ಕಷ್ಟ.

ದತ್ತವಾಡದ ಕುಟುಂಬದ ಕತೆ ಬೇರೆ. ಕೊಡಗಿನ ರೂಮು ತೆರೆದೇ ಇದೆ. ಅಡ್ಡಿಯಾಗಿರುವುದು ಅವರ ಊರಿನ ಹೊಳೆ. ಅದರಲ್ಲೂ ಎಲ್ಲ ವರ್ಷವೂ ಒಂದೇ ಅಲ್ಲ. ಮಲಿಕವಾಡ ಸೇತುವೆಯೊಂದೇ ಮುಳುಗಿದರೆ ಇಚಲಕರಂಜಿ, ಹುಪರಿ ಬಳಸಿ ಕಾಗಲ್ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿ ಹಿಡಿಯಬಹುದು. ಡೀಸೆಲ್ ಹೆಚ್ಚು ಸುಡುತ್ತದೆ, ಹೊತ್ತು ಹೋಗುತ್ತದೆ, ಆದರೆ ದಾರಿ ಇದೆ. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಹಾಗಿರಲಿಲ್ಲ. ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗಾ ಉಕ್ಕಿ ಹೆದ್ದಾರಿಯ ಮೇಲೇ ನೀರು ನಿಂತಿತು. ಅತ್ತ ಕೊಲ್ಹಾಪುರದ ಶಿರೋಲಿ ಬಳಿ ಪಂಚಗಂಗೆ ಅದೇ ಹೆದ್ದಾರಿಯನ್ನು ಕಟ್ಟಿಹಾಕಿತು. ಲಾರಿಗಳು ದಿನಗಟ್ಟಲೆ ಸಾಲುಗಟ್ಟಿ ನಿಂತವು.

ಇಷ್ಟಾದರೂ, ಅತಿಥಿಯ ಊರಿನ ದಾರಿ ಕಟ್ಟಾದ ಮಾತ್ರಕ್ಕೆ ರೂಮಿನ ಕರಾರು ಅಸಾಧ್ಯವಾಯಿತು ಎಂದು ನ್ಯಾಯಾಲಯಗಳು ಸುಲಭಕ್ಕೆ ಒಪ್ಪುವುದಿಲ್ಲ. ಸತ್ಯಬ್ರತ ಘೋಷ್ ಪ್ರಕರಣದಲ್ಲಿ (1954) ಸುಪ್ರೀಂ ಕೋರ್ಟ್ ‘ಅಸಾಧ್ಯ’ದ ಅರ್ಥವನ್ನು ಹಿಗ್ಗಿಸಿತು: ಕರಾರಿನ ಬುನಾದಿಯೇ ಕುಸಿದಿದ್ದರೆ ಅದೂ ಅಸಾಧ್ಯವೇ ಎಂದಿತು. ಆದರೆ ಕರಾರು ಪಾಲಿಸುವುದು ದುಬಾರಿಯಾಯಿತು, ತ್ರಾಸಾಯಿತು ಎಂಬುದು ಆ ಅರ್ಥದೊಳಗೆ ಬರುವುದಿಲ್ಲ. ಹಾಗಾಗಿ ದತ್ತವಾಡದವರು ಪೂರ್ತಿ ಹಣವನ್ನು ಹಕ್ಕಿನಿಂದ ಕೇಳುವುದು ಕಷ್ಟ. ಹಾಗೆಂದು ಪೂರ್ತಿ ಹಣ ಆತಿಥೇಯನದಾಗುವುದೂ ಇಲ್ಲ.

ಲಂಡನ್ನಿನ ಎರಡು ದಿನದ ಬಾಡಿಗೆ

ಕಡಿಮೆ ದಿನದ ಬಾಡಿಗೆಯ ಜಗಳ ಆ್ಯಪ್‌ಗಳ ಕಾಲದ್ದಲ್ಲ. 1902ರ ಜೂನ್‌ನಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕದ ಮೆರವಣಿಗೆ ನೋಡಲೆಂದು ಹೆನ್ರಿ ಎಂಬಾತ ಲಂಡನ್ನಿನ ಪಾಲ್ ಮಾಲ್ ಬೀದಿಯಲ್ಲಿ ಕ್ರೆಲ್ ಎಂಬಾತನ ಮನೆಯನ್ನು ಜೂನ್ 26 ಮತ್ತು 27ರ ಹಗಲು ಹೊತ್ತಿಗೆ ಬಾಡಿಗೆ ಹಿಡಿದ. ಬಾಡಿಗೆ 75 ಪೌಂಡ್, ಮುಂಗಡ 25. ದೊರೆಗೆ ಅಪೆಂಡಿಸೈಟಿಸ್ ಆಗಿ ಮೆರವಣಿಗೆ ಮುಂದೆ ಹೋಯಿತು. ಉಳಿದ 50 ಪೌಂಡ್ ಕೊಡಲಾರೆ ಎಂದ ಹೆನ್ರಿ. ಕೊಡಲೇಬೇಕು ಎಂದು ಕ್ರೆಲ್ ಕೋರ್ಟಿಗೆ ಹೋದ. 1903ರಲ್ಲಿ ಮೇಲ್ಮನವಿ ನ್ಯಾಯಾಲಯ ಹೆನ್ರಿಯ ಪರ ನಿಂತಿತು. ಮನೆ ಗಟ್ಟಿಯಾಗಿಯೇ ಇತ್ತು, ಕಿಟಕಿಯೂ ತೆರೆದಿತ್ತು. ಆದರೆ ಬಾಡಿಗೆಯ ಬುನಾದಿ ಮೆರವಣಿಗೆ. ಅದೇ ಇಲ್ಲದ ಮೇಲೆ ಬಾಡಿಗೆ ಇಲ್ಲ. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ವಾನ್ ವಿಲಿಯಮ್ಸ್ ಒಂದು ಎಲ್ಲೆಯನ್ನೂ ಹಾಕಿದರು. ಡರ್ಬಿ ಕುದುರೆ ಪಂದ್ಯಕ್ಕೆಂದು ಗಾಡಿ ಗೊತ್ತು ಮಾಡಿದವನು ಪಂದ್ಯ ನಿಂತರೂ ಗಾಡಿಯ ಬಾಡಿಗೆ ಕೊಡಬೇಕು. ಪಂದ್ಯ ಅವನ ಉದ್ದೇಶವೇ ಹೊರತು ಗಾಡಿ ಕರಾರಿನ ಬುನಾದಿಯಲ್ಲ.

ದತ್ತವಾಡದಿಂದ ಬಹಳ ದೂರವಿಲ್ಲದ, ಅದೇ ಶಿರೋಳ ತಾಲ್ಲೂಕಿನ ನರಸೋಬಾವಾಡಿಯಲ್ಲಿ ಈ ಎಲ್ಲೆಯನ್ನು ಕಣ್ಣಾರೆ ಕಾಣಬಹುದು. ಕೃಷ್ಣಾ–ಪಂಚಗಂಗಾ ಸಂಗಮದ ಈ ದತ್ತಕ್ಷೇತ್ರಕ್ಕೆ ಕರ್ನಾಟಕದಿಂದ ಭಕ್ತರ ಸಾಲು ವರ್ಷವಿಡೀ ಹರಿಯುತ್ತದೆ. ಮಳೆಗಾಲದಲ್ಲಿ ಹೊಳೆ ಗುಡಿಯೊಳಗೇ ನುಗ್ಗಿ ಪಾದುಕೆಗಳ ಮೇಲೆ ಹರಿದು ದಕ್ಷಿಣ ದ್ವಾರದಿಂದ ಹೊರಬೀಳುತ್ತದೆ. ಅಲ್ಲಿ ಮೀಯುವುದೇ ಪುಣ್ಯವೆಂದು ಜನ ಸೇರುತ್ತಾರೆ. ನೀರು ಇನ್ನೂ ಏರಿದರೆ ಗುಡಿಯೇ ಕಾಣದು. ದರ್ಶನಕ್ಕೆಂದು ರೂಮು ಹಿಡಿದವರಿಗೆ ದರ್ಶನವಿಲ್ಲ, ರೂಮು ಮಾತ್ರ ಇದೆ. ಮಾಮೂಲಿ ದರಕ್ಕೆ ಹಿಡಿದ ಮಾಮೂಲಿ ರೂಮಾದರೆ ಅದು ಡರ್ಬಿಯ ಗಾಡಿಯಂತೆ, ಬಾಡಿಗೆ ಸಲ್ಲುತ್ತದೆ. ಉತ್ಸವ ಇದೆಯೆಂದೇ ಹೇಳಿ, ಉತ್ಸವಕ್ಕೆಂದೇ ಏರಿಸಿದ ದರಕ್ಕೆ ಕೊಟ್ಟ ರೂಮಾದರೆ ಅದು ಪಾಲ್ ಮಾಲ್‌ನ ಕಿಟಕಿ. ಉತ್ಸವ ನಿಂತಾಗ ಹಣ ಕೇಳಲು ಅತಿಥಿಗೆ ಬಲವಾದ ವಾದ ಸಿಗುತ್ತದೆ.

ಆಗಿನ ಇಂಗ್ಲೆಂಡಿನಲ್ಲಿ ಇನ್ನೊಂದು ಅನ್ಯಾಯವೂ ನಡೆಯಿತು. ಅದೇ ಮೆರವಣಿಗೆಯ ಇನ್ನೊಂದು ಪ್ರಕರಣದಲ್ಲಿ, ಕೊಟ್ಟ ಮುಂಗಡ ಕೊಟ್ಟವನಿಗೆ ವಾಪಸಿಲ್ಲ ಎಂದು 1904ರಲ್ಲಿ ತೀರ್ಪಾಯಿತು. ಆ ನಿಯಮ ಕೈಬಿಡಲು ಅಲ್ಲಿನವರಿಗೆ 1942 ಬರಬೇಕಾಯಿತು. ನಮ್ಮಲ್ಲಿ 65ನೇ ಕಲಮು 1872ರಿಂದಲೇ ಪುಸ್ತಕದಲ್ಲಿತ್ತು.

ಹಿಡಿಯಬಹುದಾದದ್ದು ನಷ್ಟವನ್ನಷ್ಟೇ

ಅತಿಥಿ ತಾನಾಗಿ ಬುಕಿಂಗ್ ಮುರಿದರೆ ಆತಿಥೇಯ ಎಷ್ಟು ಹಣ ಹಿಡಿದುಕೊಳ್ಳಬಹುದು? ಜಗಳದ ನಿಜವಾದ ಗಂಟು ಇಲ್ಲಿದೆ. ಕರಾರು ಕಾಯ್ದೆಯ 74ನೇ ಕಲಮು ಹೇಳುವುದು: ದಂಡದ ಮೊತ್ತ ಮೊದಲೇ ಬರೆದಿದ್ದರೂ ಸಿಗುವುದು ನ್ಯಾಯಸಮ್ಮತ ಪರಿಹಾರವೇ ಹೊರತು ಬರೆದದ್ದೆಲ್ಲವೂ ಅಲ್ಲ, ಬರೆದ ಮೊತ್ತವೇ ಗರಿಷ್ಠ ಮಿತಿ. 73ನೇ ಕಲಮಿನ ವಿವರಣೆಯ ಪ್ರಕಾರ, ನಷ್ಟ ತಗ್ಗಿಸಲು ಇದ್ದ ದಾರಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. 1963ರ ಫತೇಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಟ್ಟುಗೋಲಿಗೂ ಇದೇ ನಿಯಮ ಎಂದಿತು. ದೆಹಲಿಯ ಆಸ್ತಿಯೊಂದರ ಮಾರಾಟದಲ್ಲಿ ಮಾರುವವನು ಸಂಚಕಾರದ 1,000 ರೂಪಾಯಿ ಇಟ್ಟುಕೊಳ್ಳಬಹುದು, ಮೇಲಿನ 24,000 ರೂಪಾಯಿಯನ್ನು ಹಾಗೆಯೇ ನುಂಗುವಂತಿಲ್ಲ ಎಂದಿತು.

2015ರ ಕೈಲಾಸನಾಥ್ ಅಸೋಸಿಯೇಟ್ಸ್ ಪ್ರಕರಣ ಇನ್ನೂ ಸ್ಪಷ್ಟ. ದೆಹಲಿ ಅಭಿವೃದ್ಧಿ ಪ್ರಾಧಿಕಾರ 3.12 ಕೋಟಿ ರೂಪಾಯಿಯ ನಿವೇಶನಕ್ಕೆ ಪಡೆದಿದ್ದ 78 ಲಕ್ಷ ಮುಂಗಡವನ್ನು ಮುಟ್ಟುಗೋಲು ಹಾಕಿತು. ಅದೇ ನಿವೇಶನವನ್ನು ಮತ್ತೆ ಹರಾಜಿಗಿಟ್ಟು 11.78 ಕೋಟಿಗೆ ಮಾರಿತು. ನಷ್ಟವೇ ಆಗದಿದ್ದಾಗ ಮುಂಗಡ ನುಂಗುವುದು ಸಲ್ಲದು ಎಂದು ಸುಪ್ರೀಂ ಕೋರ್ಟ್ ಅದನ್ನು ಬಡ್ಡಿಸಮೇತ ಹಿಂತಿರುಗಿಸಲು ಹೇಳಿತು. ರಜೆಯ ದಿನ ಅತಿಥಿ ಬಿಟ್ಟ ರೂಮನ್ನು ಇನ್ನೊಬ್ಬರಿಗೆ ಕೊಟ್ಟು, ಮೊದಲಿನವರ ಅಡ್ವಾನ್ಸನ್ನೂ ಇಟ್ಟುಕೊಳ್ಳುವ ಪ್ರತಿಯೊಬ್ಬ ಆತಿಥೇಯನೂ ಈ ತೀರ್ಪನ್ನು ಒಮ್ಮೆ ಓದಬೇಕು.

ದತ್ತವಾಡದ ಲೆಕ್ಕ ಹಾಕೋಣ. ನಾಲ್ಕು ದಿನ ಮೊದಲೇ ತಿಳಿಸಿದ್ದರಿಂದ ಮೂರರಲ್ಲಿ ಎರಡು ರೂಮು ಅದೇ ದರಕ್ಕೆ ಬೇರೆಯವರಿಗೆ ಹೋದವು. ಖಾಲಿ ಉಳಿದದ್ದು ಒಂದು. ಎರಡು ರಾತ್ರಿಗೆ 8,000. ಅವರಿಗೆ ಮಾಡಬೇಕಿದ್ದ ಊಟ, ತಿಂಡಿಯ 2,000 ರೂಪಾಯಿ ಖರ್ಚು ಉಳಿಯಿತು. ನಿಜವಾದ ನಷ್ಟ 6,000. 12,000ದಲ್ಲಿ ಅಷ್ಟು ಹಿಡಿದು 6,000 ವಾಪಸ್ ಕೊಟ್ಟರೆ ಲೆಕ್ಕ ಚುಕ್ತಾ. ಮೂರೂ ರೂಮು ಹೋಗಿದ್ದರೆ ಹಿಡಿಯಲು ಹೆಚ್ಚೇನೂ ಇರುತ್ತಿರಲಿಲ್ಲ. ಹೊರಡುವ ದಿನದ ಸಂಜೆ ಆರಕ್ಕೆ ತಿಳಿಸಿ ಮೂರೂ ಖಾಲಿ ಬಿದ್ದಿದ್ದರೆ? ಉಳಿದ ಊಟದ ಖರ್ಚು 6,000 ಕಳೆದರೂ ನಷ್ಟ 18,000. ಆಗ ಆತಿಥೇಯ ಪೂರ್ತಿ ಅಡ್ವಾನ್ಸ್ ಇಟ್ಟುಕೊಂಡರೆ ಅತಿಥಿ ದೂರುವಂತಿಲ್ಲ. ಮುಂಚೆ ಹೇಳಿದ ಒಂದು ಫೋನ್ ಕರೆಗೆ ಇಷ್ಟು ಬೆಲೆ ಇದೆ.

ಆತಿಥೇಯನ ಕಷ್ಟ

ಹೋಂಸ್ಟೇ ಎಂದರೆ ದೊಡ್ಡ ಹೋಟೆಲಲ್ಲ. ಮನೆಯವರು ಅಲ್ಲೇ ವಾಸವಿದ್ದು ನಾಲ್ಕಾರು ರೂಮು ಕೊಡುವ ವ್ಯವಸ್ಥೆ. ಕಾಫಿ ಕೈಕೊಟ್ಟ ವರ್ಷ ಮಕ್ಕಳ ಫೀಸು ನಡೆಯುವುದು ಈ ರೂಮಿನಿಂದ. ಅವರ ಗಳಿಕೆ ವಾರಾಂತ್ಯ ಮತ್ತು ರಜೆಗಳಿಗೆ ಕಟ್ಟುಬಿದ್ದದ್ದು. ಆಗಸ್ಟ್ 15ರ ರೂಮು ಖಾಲಿ ಉಳಿದರೆ ಆಗಸ್ಟ್ 20ಕ್ಕೆ ಅದನ್ನು ಮಾರಲಾಗದು. ಎರಡು ಮೂರು ಕಡೆ ಬುಕ್ ಮಾಡಿಟ್ಟು ಕೊನೆ ಗಳಿಗೆಯಲ್ಲಿ ಒಂದನ್ನು ಉಳಿಸಿಕೊಳ್ಳುವ ಅತಿಥಿಗಳು ಇವರ ಹೊಟ್ಟೆಯ ಮೇಲೆ ಹೊಡೆಯುತ್ತಾರೆ. ಹಣ ಕೊಡದಿದ್ದರೆ ಕೆಟ್ಟ ರಿವ್ಯೂ ಎಂದು ಬೆದರಿಸುವುದು ನೀಚತನ.

ಆ್ಯಪ್ ಕಂಪನಿಗಳೂ ಇವರನ್ನು ಕೇಳದೆ ತೀರ್ಮಾನ ಮಾಡಿದ್ದುಂಟು. ಕೋವಿಡ್ ಹಬ್ಬಿದಾಗ, 2020ರ ಮಾರ್ಚ್ 14 ಅಥವಾ ಅದಕ್ಕೆ ಮುಂಚೆ ಮಾಡಿದ ಬುಕಿಂಗ್‌ಗಳನ್ನು ಅತಿಥಿಗಳು ಪೂರ್ತಿ ರೀಫಂಡ್ ಪಡೆದು ರದ್ದು ಮಾಡಬಹುದು ಎಂದು ಏರ್‌ಬಿಎನ್‌ಬಿ ಘೋಷಿಸಿತು. ಆತಿಥೇಯರ ಸ್ವಂತ ರದ್ದತಿ ನಿಯಮಗಳು ಬದಿಗೆ ಸರಿದವು. ಜಗತ್ತಿನಾದ್ಯಂತ ಆತಿಥೇಯರು ಸಿಟ್ಟೆದ್ದರು. ಅದೇ ತಿಂಗಳ ಕೊನೆಗೆ ಕಂಪನಿಯ ಮುಖ್ಯಸ್ಥ ಬ್ರಯನ್ ಚೆಸ್ಕಿ ಆತಿಥೇಯರ ಜತೆ ಮಾತಾಡದೆ ತೀರ್ಮಾನಿಸಿದ್ದಕ್ಕೆ ಕ್ಷಮೆ ಕೇಳಿ, 25 ಕೋಟಿ ಡಾಲರ್ ತೆಗೆದಿಟ್ಟರು. ರದ್ದತಿ ನಿಯಮದಂತೆ ಆತಿಥೇಯರಿಗೆ ಸಿಗಬೇಕಿದ್ದ ಹಣದ ಶೇ 25ರಷ್ಟನ್ನು ಅದರಿಂದ ಕೊಡಲಾಯಿತು.

2024ರ ಜೂನ್‌ನಲ್ಲಿ ಆ ಕಂಪನಿ ವಿಪತ್ತಿನ ನಿಯಮ ಬದಲಿಸಿತು. ತಂಗುವ ಜಾಗದಲ್ಲಿ ದೊಡ್ಡ ವಿಪತ್ತಾದರೆ ಪೂರ್ತಿ ರೀಫಂಡ್. ಆದರೆ ಆ ಕಾಲದಲ್ಲಿ ಆ ಜಾಗದಲ್ಲಿ ಸಾಮಾನ್ಯವಾಗಿ ಬರುವ ಹವಾಮಾನಕ್ಕೆ ಅಷ್ಟಕ್ಕೇ ರೀಫಂಡ್ ಇಲ್ಲ. ಜನರನ್ನು ತೆರವು ಮಾಡಿಸುವಂಥ ಸ್ಥಿತಿ ಬಂದರೆ ಮಾತ್ರ. ಆಗಸ್ಟ್‌ನಲ್ಲಿ ಕೊಡಗಿನ ಮಳೆ, ದೂಧಗಂಗಾ ಹೊಳೆ ಎರಡೂ ಮೊದಲೇ ಗೊತ್ತಿರುವಂಥವು. ಗೊತ್ತಿದ್ದೂ ಬುಕ್ ಮಾಡುವವರು ಆ ಸಂಗತಿಯನ್ನು ಬುಕ್ ಮಾಡುವಾಗಲೇ ಮಾತಾಡಿಕೊಳ್ಳಬೇಕು.

ಆತಿಥೇಯರೇ ಬುಕಿಂಗ್ ಮುರಿಯುವುದೂ ಕಡಿಮೆಯಿಲ್ಲ. ಹೆಚ್ಚು ಬಾಡಿಗೆಯ ಗುಂಪು ಬಂತೆಂದು ಮೊದಲಿನವರಿಗೆ ‘ಪೈಪ್ ಒಡೆದಿದೆ’ ಎನ್ನುವವರಿದ್ದಾರೆ. ಆಗ ಅಡ್ವಾನ್ಸ್ ಪೂರ್ತಿ ಕೊಡಬೇಕು. ಅತಿಥಿ ಬೇರೆ ಕಡೆ ಹೆಚ್ಚು ತೆತ್ತಿದ್ದರೆ ಆ ನಷ್ಟವನ್ನೂ ಕೇಳಬಹುದು. 2020ರ ಗ್ರಾಹಕ ಸಂರಕ್ಷಣಾ ಇ–ಕಾಮರ್ಸ್ ನಿಯಮಗಳಲ್ಲಿ ಈ ಸಮತೋಲ ನೇರವಾಗಿಯೇ ಇದೆ: ತಾನಾಗಿ ರದ್ದು ಮಾಡಿದರೆ ಅಂಥದ್ದೇ ಶುಲ್ಕ ತೆರಲು ಸಿದ್ಧವಿಲ್ಲದ ಆನ್‌ಲೈನ್ ಕಂಪನಿ ಗ್ರಾಹಕರ ಮೇಲೆ ರದ್ದತಿ ಶುಲ್ಕ ಹಾಕುವಂತಿಲ್ಲ. ನಿಯಮ ಕಂಪನಿಗಳಿಗೆ ಬರೆದದ್ದು. ಆದರೆ ಅದರ ನ್ಯಾಯ ಸಣ್ಣ ಹೋಂಸ್ಟೇಗೂ ಒಪ್ಪುತ್ತದೆ.

ದುಡ್ಡು ಬಿದ್ದ ಮೇಲೆ ಹೇಳಿದ ಷರತ್ತು

ನಮ್ಮ ಬುಕಿಂಗ್‌ಗಳಲ್ಲಿ ಬಹುಪಾಲು ವಾಟ್ಸ್‌ಆ್ಯಪ್‌ನಲ್ಲೇ ಮುಗಿಯುತ್ತವೆ. ಅಲ್ಲಿನ ಸಂದೇಶಗಳ ಸಾಲು ನೋಡಿ. ಮೊದಲು ರೂಮಿನ ಫೋಟೊ, ಆಮೇಲೆ ದರ, ಆಮೇಲೆ ಕ್ಯೂಆರ್ ಕೋಡ್. ಅತಿಥಿ ದುಡ್ಡು ಹಾಕಿ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ‘ಥ್ಯಾಂಕ್ಯೂ, ಕನ್ಫರ್ಮ್’ ಎಂಬ ಉತ್ತರ. ಅದಾದ ಮೇಲೆ ನಿಯಮಗಳ ಉದ್ದ ಪಟ್ಟಿ. ಅದರ ನಡುವೆಲ್ಲೋ ‘ಅಡ್ವಾನ್ಸ್ ಹಿಂತಿರುಗಿಸಲಾಗುವುದಿಲ್ಲ’. ಕರಾರು ಕುದುರಿದ ಮೇಲೆ ಒಬ್ಬರೇ ಸೇರಿಸಿದ ಷರತ್ತಿಗೆ ಇನ್ನೊಬ್ಬರು ಬದ್ಧರಲ್ಲ. ದುಡ್ಡು ಬೀಳುವ ಮೊದಲು ಹೇಳಿದ್ದರೆ ಮಾತ್ರ ಅದು ಷರತ್ತು. ಸಂದೇಶದ ಪಕ್ಕದಲ್ಲಿರುವ ಗಂಟೆ, ನಿಮಿಷವೇ ಇಲ್ಲಿ ಸಾಕ್ಷಿ. ಆದ್ದರಿಂದ ಚಾಟ್ ಅಳಿಸಬೇಡಿ.

ಮೊದಲೇ ಹೇಳಿದ ಷರತ್ತೂ ತೀರ ಒಮ್ಮುಖವಾಗಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದನ್ನು ‘ಅನ್ಯಾಯದ ಕರಾರು’ ಎಂದು ಪ್ರಶ್ನಿಸಲು ಬಿಡುತ್ತದೆ. ಆದ ನಷ್ಟಕ್ಕೆ ಹೋಲಿಸಿದರೆ ವಿಪರೀತವೆನ್ನುವ ದಂಡ ಆ ಕಾಯ್ದೆಯೇ ಕೊಟ್ಟ ಉದಾಹರಣೆ. ಅಂಥ ದೂರು ರಾಜ್ಯ ಗ್ರಾಹಕ ಆಯೋಗಕ್ಕೆ ಹೋಗಬೇಕು.

ದೂರು ಕೊಡಲು ಮಡಿಕೇರಿಗೆ ಹೋಗಬೇಕಿಲ್ಲ

ಗಡಿಯ ಊರಿನವರಿಗೆ ಹೆಚ್ಚು ಉಪಯೋಗದ ಮಾತೊಂದಿದೆ. 2020ರ ಜುಲೈ 20ರಂದು ಜಾರಿಗೆ ಬಂದ ಈ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹೋಂಸ್ಟೇ ಕೊಡಗಿನದಾದರೂ ದತ್ತವಾಡದವರು ಕೊಲ್ಹಾಪುರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಮಲಿಕವಾಡದವರು ಮಹಾರಾಷ್ಟ್ರದ ಮಾಲ್ವಣದ ರೂಮಿನ ದೂರನ್ನು ಬೆಳಗಾವಿಯಲ್ಲೇ ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ‘ಇ–ಜಾಗೃತಿ’ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಜಗಳ ಹುಟ್ಟಿದ ಎರಡು ವರ್ಷದೊಳಗೆ ದೂರು ಹೋಗಬೇಕು.

ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು. ಎಷ್ಟೋ ಪ್ರಕರಣ ಅಲ್ಲೇ ಮುಗಿಯುತ್ತವೆ. ಬುಕಿಂಗ್ ಆ್ಯಪ್‌ನದಾದರೆ ಅದರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಆತ 48 ಗಂಟೆಯಲ್ಲಿ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆತಿಥೇಯರಿಗೆ ಅತಿಥಿಯ ಮೇಲೆ ಗ್ರಾಹಕ ಆಯೋಗದ ದಾರಿ ಇಲ್ಲ. ಅವರಿಗಿರುವುದು ಸಿವಿಲ್ ಕೋರ್ಟು. ಹಾಗಾಗಿ ಕೈಯಲ್ಲಿರುವ ಅಡ್ವಾನ್ಸೇ ಅವರ ಭದ್ರತೆ. ಅದಕ್ಕೆಂದೇ ಅದನ್ನು ಲೆಕ್ಕದ ಸಮೇತ ಬಳಸಬೇಕು.

ಮಳೆಗೆ ಮೊದಲು ನಾಲ್ಕು ಸಾಲು

ನ್ಯಾಯದ ದಾರಿ ಕೋರ್ಟಿಗಿಂತ ಮೊದಲೇ ಸಿಗುತ್ತದೆ. ಲಾಕ್‌ಡೌನ್‌ನಲ್ಲಿ ನಿಂತ ವಿಮಾನ ಟಿಕೆಟ್‌ಗಳ ಪ್ರಕರಣದಲ್ಲಿ 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಒಪ್ಪಿದ ವ್ಯವಸ್ಥೆ ನೋಡಿ. ಹಣ ಕೂಡಲೇ ಕೊಡಲಾಗದ ಕಂಪನಿ ಅದನ್ನು ಪ್ರಯಾಣಿಕನ ಹೆಸರಿನಲ್ಲಿ 2021ರ ಮಾರ್ಚ್ 31ರವರೆಗೆ ಜಮಾ ಇಡಬೇಕು, ತಿಂಗಳಿಗಿಷ್ಟೆಂದು ಅದರ ಬೆಲೆ ಏರಬೇಕು, ಬೇರೆಯವರಿಗೆ ವರ್ಗಾಯಿಸಬಹುದು, ಬಳಸದೆ ಉಳಿದರೆ ನಗದು ವಾಪಸ್ ಕೊಡಬೇಕು. ಹೋಂಸ್ಟೇಗೂ ಇದೇ ಮಾದರಿ ಸಾಕು.

ಆತಿಥೇಯರೇ, ಕ್ಯೂಆರ್ ಕೋಡ್ ಕಳಿಸುವ ಮೊದಲು ನಾಲ್ಕು ಸಾಲು ಕಳಿಸಿ; ಗಡಿಯ ಅತಿಥಿಯಾದರೆ ಕನ್ನಡ, ಮರಾಠಿ ಎರಡರಲ್ಲೂ. ಎಷ್ಟು ದಿನ ಮುಂಚೆ ತಿಳಿಸಿದರೆ ಎಷ್ಟು ವಾಪಸ್. ಸರ್ಕಾರ ತಡೆದರೆ ಅಥವಾ ನಾವೇ ರದ್ದು ಮಾಡಿದರೆ ಪೂರ್ತಿ ವಾಪಸ್. ನಿಮ್ಮ ಕಡೆ ನೆರೆ ಬಂದರೆ ಆರು ತಿಂಗಳೊಳಗೆ ಬೇರೆ ದಿನಾಂಕ. ರೂಮು ಬೇರೆಯವರಿಗೆ ಹೋದರೆ ಆ ಹಣ ನಿಮ್ಮದು. ಅತಿಥಿಗಳೇ, ಈ ನಾಲ್ಕು ಸಾಲು ಬರುವ ತನಕ ದುಡ್ಡು ಹಾಕಬೇಡಿ. ಹೊಳೆ ಏರಿದ ದಿನವೇ ಫೋನ್ ಮಾಡಿ, ಹೊರಡುವ ದಿನದ ತನಕ ಕಾಯಬೇಡಿ.

ಅಡ್ವಾನ್ಸ್ ಎಂದರೆ ಬರುತ್ತೇನೆ ಎಂಬ ಮಾತಿಗೆ ಇಟ್ಟ ಭದ್ರತೆ. ಮಾತು ಮುರಿದಾಗ ಅದರಲ್ಲಿ ಆದ ನಷ್ಟದಷ್ಟು ಆತಿಥೇಯನದು. ಅದರ ಮೇಲಿನ ಪ್ರತಿ ರೂಪಾಯಿಯೂ ಅತಿಥಿಯದು.